ಗೊತ್ತಿಲ್ಲ ಅಂದ ಅಯ್ಯನವರು

ಬೀಳಗಿ
೧೪ ನವೆಂಬರ್ ೨೦೦೬

ಪ್ರಿಯ ಕೃಷ್ಣಾಜಿ,

ನಿನಗೂ ಶುಭದಾ ವೈನಿಗೂ ನಮಸ್ಕಾರ. ನಿನ್ನ ಎರಡೂ ಪತ್ರ ಮುಟ್ಯಾವ. ಉತ್ತರ ಬರೀಲಿಲ್ಲಂತ ಸಿಟ್ಟಾಗಬ್ಯಾಡ. ಈ ಎರಡು ತಿಂಗಳು ನಾ ಯಾರ ಜೋಡಿನೂ ಸೀದಾ ಮಾತಾಡಿಲ್ಲ. ಮನಿಯಾಗ ಸಂಧ್ಯಾನ ಮ್ಯಾಲೆ ಸುಮ್ಮಸುಮ್ನ ಹರಿಹಾಯತೇನಿ. "ಜಮಖಂಡಿಗರೆ ಹೋಗಿ ನಿಮ್ಮ ದೋಸ್ತಗ ಭೆಟ್ಟಿಯಾಗಿ ಬರ್ರಿ" ಅಂತಾಳ ಆಕಿ.

ನಮ್ಮ ಚರ್ಚಿಗೆ ಬರೂ ಕೆಂಪವ್ವ ಅಂತ ಒಬ್ಬಾಕಿ ಅದಾಳ, ವಿಧವೆ. ಆಕಿಗಿದ್ದಾಕಿ ಒಬ್ಬಾಕಿನ ಮಗಳು, ಶೇವಂತಿ. ಸೆಪ್ಟೆಂಬರದಾಗ ಹಿನ್ನೀರು ಏರಿದಾಗ, ಅರಬಿ ಒಗಿಯಾಕ ಹೋದ ಹುಡುಗಿ ಕಾಲು ಜಾರಿ ನೀರುಪಾಲಾದಳು. ಬಂದವರೆಲ್ಲಾ "ದೇವರ ಚಿತ್ತ ಬೇ" ಅಂದ್ರು. ಹೆಣದ ಮುಂದ ಕೂತಿದ್ದ ಕೆಂಪವ್ವ ನನ್ನ ಮುಖಾ ನೋಡಿ, "ಅಯ್ಯನವರ, ಯಾಕ ಒಯ್ದಾನ್ರೀ?" ಅಂದಳು. ನಾ "ಗೊತ್ತಿಲ್ಲವ್ವಾ" ಅಂದೆ. ಅಷ್ಟ.

ಪಾದ್ರಿ ಆದವನ ಗೊತ್ತಿಲ್ಲಂದ ಅಂತ ಆ ಮಾತು ಊರೆಲ್ಲಾ ಆತು. ಮುಂದಿನ ಐತವಾರ ಉಪದೇಶದಾಗ ಅದನ್ನ ಬಿಡಿಸಿ ಹೇಳಾಕ ಹೋದೆ. ಹಳೇ ಕಾಲದ ಕ್ರೈಸ್ತ ಸನ್ಯಾಸಿಗಳ ವಿಚಾರ ತೆಗೆದೆ: ದೇವರನ್ನ ಬೆಳಕು ಅಂತೀವಿ, ಒಳ್ಳೇವ ಅಂತೀವಿ, ಆದರ ನಾವು ಕಂಡ ಬೆಳಕಿನಾಗ, ನಾವು ಬಲ್ಲ ಒಳ್ಳೇತನದಾಗ ಆತ ಹಿಡಿಸಂಗಿಲ್ಲ. ಇಟ್ಟ ಹೆಸರನ್ನೆಲ್ಲಾ ಇದಲ್ಲ, ಇದೂ ಅಲ್ಲ ಅಂತ ತೆಗೀಬೇಕು. ಕಲ್ಲು ಅದ, ಗಿಡ ಅದ ಅನ್ನೂ ಹಂಗ "ದೇವರು ಅದಾನ" ಅನ್ನಾಕೂ ಬರಂಗಿಲ್ಲ.

ಸಭೆಯ ಹಿರಿಯ ಹುಲೆಪ್ಪ ಅಲ್ಲೇ ಎದ್ದು ನಿಂತ. "ಹಂಗಾರ ದೇವರು ಇಲ್ಲಂತೀರೇನ್ರಿ?"

"ಇಲ್ಲ ಅನ್ನಲಿಲ್ಲೋ ಮಾರಾಯಾ, ನಮ್ಮ ಮಾತು ಸಾಲಂಗಿಲ್ಲ ಅಂದೆ."

"ಮಾತು ಸಾಲದಿದ್ರ ಐತವಾರಕ್ಕೊಮ್ಮೆ ತಾಸುಗಟ್ಟಲೆ ಏನು ಹೇಳತೀರಿ?"

ಮಂದಿ ನಕ್ಕರು.

ನಿನ್ನ ಮ್ಯಾಲೂ ಸಿಟ್ಟದ. ಆ ಉಪದೇಶ ಬರದು ಕಳಿಸಿದ್ರ, "ಇದು ನಮ್ಮ ಉಪನಿಷತ್ತಿನ ನೇತಿ ನೇತಿನ ಅಲ್ಲೇನೋ" ಅಂತ ಒಂದ ಸಾಲಿನಾಗ ಮುಗಿಸಿದಿ. ಫಿಲಾಸಫಿ ಕಲಿಸಿದ ಮನಶಾ ನೀ! ಎಲ್ಲಾದಕ್ಕೂ ಮೂಲಾದ "ಒಂದು" ಅನ್ನೂದು ಅದ, ಅದು ಮಾತಿಗೂ ವಿಚಾರಕ್ಕೂ ಸಿಗಂಗಿಲ್ಲ ಅಂತ ಗ್ರೀಕರು ಅಂದಿದ್ದರು. ಈ ಸನ್ಯಾಸಿಗಳು ಅವರಿಂದ ಕಲಿತದ್ದು ಖರೆ. ಆದರ ಇವರು ಆ ಹೇಳಾಕ ಬಾರದ್ದರ ಮುಂದ ಮೊಣಕಾಲೂರಿ "ನೀನು" ಅಂತ ಕರದರು. ಇಷ್ಟನ್ನ ನಿನಗೂ ತಿಳಿಸಾಕ ಆಗಲಿಲ್ಲ, ಹುಲೆಪ್ಪಗೂ ಆಗಲಿಲ್ಲ.

ಹೋದ ಶನಿವಾರ ಚರ್ಚಿನ ಕಮಿಟಿ ಕೂತಿತ್ತು. ದೇವರ ಮ್ಯಾಲೆ ನಂಬಿಕಿ ಇಲ್ಲಂತ ನನ್ನನ್ನ ಕೆಲಸದಿಂದ ಬಿಡಿಸಬೇಕು ಅನ್ನೂದ ಠರಾವು. ನಾ ನಾಲ್ಕು ಪುಟ ಬರಕೊಂಡು ಹೋಗಿದ್ದೆ. ಒಂದು ಪುಟ ಓದೂದರಾಗ "ಸಾಕು ಬಿಡ್ರಿ" ಅಂದ್ರು. ಆವಾಗ ಬಾಗಿಲ ಹತ್ರ ಕೂತಿದ್ದ ಕೆಂಪವ್ವ ಎದ್ದಳು.

"ಎಲ್ಲಾರೂ ದೇವರ ಚಿತ್ತ ಅಂದ್ರಿ. ನನ್ನ ಮಗಳ ಸಾವು ಆತಗ ಬೇಕಾಗಿತ್ತಂದ್ರ, ಅಂಥಾವನ್ನ ನಾ ಹ್ಯಾಂಗ ಬೇಡಿಕೊಳ್ಳಲಿ? ಇವರೊಬ್ರು ಗೊತ್ತಿಲ್ಲ ಅಂದ್ರು. ಆ ಒಂದ ಮಾತಿನ ಮ್ಯಾಲೆ ನಾ ಇನ್ನೂ ಇಲ್ಲಿಗೆ ಬರಾಕತ್ತೇನಿ. ಇವರನ್ನ ಕಳಿಸಿದ್ರ ನಾನೂ ಹೋಗತೇನಿ."

ಹುಲೆಪ್ಪ ತಲಿ ಕೆಳಗ ಹಾಕಿದ. ಠರಾವು ಅಲ್ಲಿಗೇ ಬಿತ್ತು. ಗೆದ್ದೆ ಅನಬೇಕು. ಒಂದು ಚೂರೂ ಸಮಾಧಾನ ಇಲ್ಲ.

ವೈನಿಯ ಮೊಣಕಾಲು ನೋವು ಕಡಿಮಿ ಆಗಲಿ. ನಿಮ್ಮ ಸೊಸಿ ರಸಿಕಾ ಸುಖವಾಗಿ ಹಡೀಲಿ. ಹುಟ್ಟೂ ಕೂಸಿಗೆ ನನ್ನ ಆಶೀರ್ವಾದ.

ನಿನ್ನ
ಅಂದಾನೆಪ್ಪ

ತಾ.ಕ.: ಇದನ್ನ ಸಂಧ್ಯಾಗೂ ಹೇಳಿಲ್ಲ. ಅವತ್ತು ಗೊತ್ತಿಲ್ಲ ಅಂದಾಗ ನನ್ನ ತಲ್ಯಾಗ ಯಾವ ಸನ್ಯಾಸಿಯೂ ಇರಲಿಲ್ಲ. ಆ ಹುಡುಗಿ ಮುಖಾ ನೋಡಿ ಹೆದರಿದ್ದೆ. ಅಲ್ಲಿಂದ ಎದ್ದು ಹೋದರ ಸಾಕಾಗಿತ್ತು. ಪುಸ್ತಕ ತೆಗೆದದ್ದು ಮನಿಗೆ ಬಂದ ಮ್ಯಾಲೆ. ಅವತ್ತಿನಿಂದ ನನಗ ಪ್ರಾರ್ಥನಾ ಮಾಡಾಕ ಆಗಿಲ್ಲ. ಐತವಾರ ಬರದಿಟ್ಟ ಪ್ರಾರ್ಥನಾನ ಓದತೇನಿ, ಅಷ್ಟ. ಕೆಂಪವ್ವ ಮೊದಲನೇ ಸಾಲಿನಾಗ ಕಣ್ಣು ಮುಚ್ಚಿ ಕೂತಿರತಾಳ. ನಾ ಕಣ್ಣು ತೆರಕೊಂಡು ಆಕಿನ್ನ ನೋಡಕೋತ ಓದತೇನಿ.