ಸೇತುವೆಯ ಮೇಲೆ ನೀನು ಕರೆದಾಗ

ಅಮ್ಮಾ,

ನೀನಿಲ್ಲದ ಈ ಮೊದಲ ವಸಂತದಲ್ಲಿ ತಂಗಿ ಸಯೊಗೆ ಹದಿಮೂರು ತುಂಬಿತು. ಆ ವಯಸ್ಸಿಗೆ ಇಲ್ಲಿ ಎಲ್ಲ ಮಕ್ಕಳೂ ಮಾಡುವಂತೆ ವಿದ್ಯೆ ಬೇಡಲು ಅವಳನ್ನು ಇಂದು ಅರಾಶಿಯಾಮದ ಗುಡಿಗೆ ನಾನೇ ಕರೆದೊಯ್ದೆ. ನಿನ್ನ ಕಿಮೋನೊವನ್ನು ಭುಜದಲ್ಲಿ ಮಡಿಸಿ ಹೊಲಿದು ಉಡಿಸಿದ್ದೆ. ಹಿಂದಿರುಗುವಾಗ ಸೇತುವೆ ದಾಟುವ ಮೊದಲೇ ಹಿಂದೆ ನೋಡಿದರೆ ಬೇಡಿ ಪಡೆದ ವಿದ್ಯೆಯೆಲ್ಲ ಹೋಗುವುದೆಂಬ ನಮ್ಮ ಕ್ಯೋಟೊದ ಮಾತನ್ನು ಅವಳಿಗೆ ನೆನಪಿಸಿದೆ.

"ತಿರುಗಬೇಡ ಕಣೇ, ಇರೋ ಚೂರುಪಾರು ಬುದ್ಧಿನೂ ಹೋಗತ್ತೆ."

"ಹೋದ್ರೆ ಹೋಗ್ಲಿ. ಮನೇಲಿ ಕ್ಲಾಸಿಗೆ ಫಸ್ಟ್ ಬರೋಳು ಒಬ್ಳಿದ್ರೆ ಸಾಕು."

ಸೇತುವೆಯ ನಡುವೆ ಬೆನ್ನ ಹಿಂದಿನಿಂದ ನಿನ್ನ ದನಿ ಕೇಳಿಸಿತು.

"ರಿತ್ಸು, ಸ್ವಲ್ಪ ನಿಲ್ಲೇ."

ಆಸ್ಪತ್ರೆಯಲ್ಲಿ, ನಾನು ಪರೀಕ್ಷೆ ಬರೆಯಲೆಂದು ಎದ್ದು ಹೊರಟಾಗ ನೀನು ಕರೆದಂತೆಯೇ, ಅವಸರವಿಲ್ಲದೆ ಕರೆದೆ. ಚೆರ್ರಿ ಹೂವು ನೋಡಲು ಬಂದ ಜನ ಕಿಕ್ಕಿರಿದಿದ್ದರೂ ಆ ಕ್ಷಣ ನದಿಯ ಸದ್ದು ಕೂಡ ಇರಲಿಲ್ಲ. ಆ ಕಟ್ಟುಪಾಡು ಹದಿಮೂರರ ಮಕ್ಕಳಿಗಷ್ಟೇ. ಅದನ್ನು ಎಂದೋ ಮುಗಿಸಿದ ನಾನು ತಿರುಗಬಹುದಿತ್ತು. ಇಂಥವನ್ನೆಲ್ಲ ನಂಬದವಳೆಂದು ಹೆಸರಾದವಳೂ ಹೌದು. ಆದರೂ ಆಸ್ಪತ್ರೆಯ ಅಂದಿನಂತೆಯೇ ಕತ್ತು ಅಲುಗಿಸದೆ, ಸಯೊಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದು ನಡೆದೆ.

ದಡ ಸೇರಿದೊಡನೆ ಅವಳು ಕೈ ಬಿಡಿಸಿಕೊಂಡು ಹಿಂದಕ್ಕೆ ತಿರುಗಿ, ಸೇತುವೆಯತ್ತ ಕೈ ಬೀಸಿದಳು.

"ಯಾರಿಗೇ?"

"ಅಮ್ಮಂಗೆ. ಆಗಿಂದ ಕರೀತಿದಾಳಲ್ಲ, ನಿಂಗೆ ಕೇಳಿಸ್ಲಿಲ್ವಾ?"

"ಇಲ್ಲ," ಎಂದೆ.

"ಹಂಗಂತ ಹೇಳ್ಲಾ ಅವಳಿಗೆ?"

ನಾನು ರೈಲು ನಿಲ್ದಾಣದ ಕಡೆ ನಡೆದೆ. ಹಿಂದೆ ಸಯೊ ನಿನಗೆ ಏನನ್ನೋ ಹೇಳುತ್ತಿದ್ದಳು. ಏನೆಂದು ಅವಳನ್ನು ನಾನು ಇನ್ನೂ ಕೇಳಿಲ್ಲ.