ಹಾಸ್ಯ ಸಪ್ತಾಹಕ್ಕೆ ಬಾರದವಳಿಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮತ್ತು ಈ ಕಾಗದವನ್ನು ಎಂದೂ ಓದದ ಗೆಳತಿ ಊರ್ಮಿಳಾ,

ಚೆನ್ನೈನ ಟಿ. ನಗರದ ನಮ್ಮ ಕನ್ನಡ ಸಂಘದ ಹಾಸ್ಯ ಸಪ್ತಾಹ ನಿನ್ನೆ ಮುಗಿಯಿತು. ಆರು ದಿನ ನಗೆನಾಟಕ, ಏಳನೆಯ ದಿನ ಒಂದು ತಿಳಿಹಾಸ್ಯದ ಪ್ರೇಮಕಥೆಯ ಸಿನಿಮಾ. ಒಂದು ದಿನವಾದರೂ ನೀನು ತಲೆ ಹಾಕಲಿಲ್ಲ. ಸಿಟ್ಟಿಗೂ ಒಂದು ಮಿತಿ ಬೇಡವೇನೇ? ಹೋದ ವರ್ಷ ನಾಟಕಕ್ಕೆ ಮೊದಲು ನಾನು ಓದಿದ್ದು ಎರಡೇ ಸಾಲಿನ ಚುಟುಕ:

“ನಮ್ಮ ನೇಹಾಳ ಕನ್ನಡ ಎರಡು ಮಾತು ಸಾಕು,
ಕೇಳಿದವರನ್ನು ಒಯ್ಯಲು ಆಂಬುಲೆನ್ಸ್ ಬೇಕು.”

ಸಭೆಯೆಲ್ಲ ನಕ್ಕಿತು. ನೀನೊಬ್ಬಳು ಮಗಳು ನೇಹಾಳ ಕೈ ಹಿಡಿದು ಎದ್ದು ಹೋದೆ. ಈ ಸಲ ನಟರು ನನ್ನ ಸೊಂಟದ ಸುತ್ತಳತೆಯನ್ನು ಮೂರು ದಿನ ಆಡಿಕೊಂಡರು. ನಾನೇನು ಎದ್ದು ಹೋದೆನೇ? ಚಪ್ಪಾಳೆ ತಟ್ಟಿದೆ!

ಸಿನಿಮಾಕ್ಕೆ ನೇಹಾ ಗೆಳತಿಯರ ಜೊತೆ ಬಂದಿದ್ದಳು. ಇಂಟರ್ವಲ್‌ನಲ್ಲಿ ಹಿಡಿದು ನಿಲ್ಲಿಸಿದೆ.

“ಏನೇ, ನಿಮ್ಮಮ್ಮನ ಸಿಟ್ಟು ಇನ್ನೂ ಇಳಿದಿಲ್ವಾ?”

“ಅಮ್ಮಾ ವೀಟ್ಲ ಇರುಕ್ಕಾಂಗ, ಆಂಟಿ.”

“ಮನೇಲಿದ್ದಾರೆ ಅಂತ ಕನ್ನಡದಲ್ಲಿ ಹೇಳೇ ಬಂಗಾರ. ಮೊದಲು ಹೇಳ್ತಿದ್ದೆಯಲ್ಲ.”

“ವೇಂಡಾಂ ಆಂಟಿ, ಸಿರಿಪ್ಪಾಂಗ.”

ಬೇಡವಂತೆ. ಎಲ್ಲರೂ ನಗುತ್ತಾರಂತೆ.

ಅದಕ್ಕೂ ನಿನ್ನ ಮೇಲೆಯೇ ಸಿಟ್ಟು ಬಂತು. ಮನೆಯಲ್ಲಿ ಕೂತು ಮಗಳಿಗೆ ಹೇಳಿಕೊಟ್ಟಿದ್ದು ಇದನ್ನೇನೇ? ಹುಡುಗಿಯ ಭಾಷೆ ತಿದ್ದಲೆಂದೇ ಆ ಚುಟುಕ ಬರೆದೆ ಎಂದು ವರ್ಷವಿಡೀ ಸಂಘದವರ ಮುಂದೆ ಸಾರಿಕೊಂಡು ಬಂದಿದ್ದೇನೆ.

ಸುಳ್ಳು, ಊರ್ಮಿಳಾ. ಓದುವ ಮೊದಲೇ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದು ಕಂಡಿತ್ತು. ಪ್ರಾಸ ಚೆನ್ನಾಗಿ ಬಂದಿತ್ತು, ಬಿಡಲು ಮನಸ್ಸಾಗಲಿಲ್ಲ. ಓದಿಬಿಟ್ಟೆ.