ಹೋರಿ ಮನೆಯ ಹುಡುಗಿಗೆ ಚಿಗರಿ ಬೂಟು

ಬ್ಯಾಡಗಿ,
ಸೋಮವಾರ, 11 ನವೆಂಬರ್ 2024

ಚಿರಂಜೀವಿ ಕಿರಣಾ,

ನಿನ್ನ ಅವ್ವ ಚೌಡವ್ವನ ಆಶೀರ್ವಾದ. ಒಂಬತ್ತು ವರ್ಷದಿಂದ ಮಾತು ಬಿಟ್ಟವಳು ಈಗ ಯಾಕೆ ಪತ್ರ ಬರೆದಳು ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. 'ಈ ಹೊಸ್ತಿಲಾ ದಾಟಿ ಹೋದಿ ಅಂದ್ರ, ತಿರುಗಿ ಒಳಗ ಬರೂತನಾ ನಿನ್ನ ಜೋಡಿ ಒಂದ್ ಮಾತ ಆಡಂಗಿಲ್ಲ' ಅಂದಿದ್ದೆ. ಅಂದದ್ದನ್ನು ನಡೆಸಿದ್ದೇನೆ. ಯುಗಾದಿಗೆ, ದೀಪಾವಳಿಗೆ ನಿನ್ನ ಹೆಂಡತಿ ಪುಷ್ಪಾವತಿ ಫೋನು ಹಚ್ಚಿ ನಿನ್ನ ಕೈಗೆ ಕೊಟ್ಟಾಗ ನೀನು 'ಅವ್ವಾ' ಅನ್ನುತ್ತೀ, ನಾನು ಅದನ್ನು ಕೇಳಿಸಿಕೊಂಡು ಇಟ್ಟುಬಿಡುತ್ತೇನೆ. ಬರೆಯುವುದೂ ಮಾತನಾಡುವುದೂ ಒಂದೇ ಅಲ್ಲ ಎಂದು ನಾಲ್ಕು ದಿನ ಯೋಚಿಸಿ ತೀರ್ಮಾನ ಮಾಡಿದ್ದೇನೆ. ಎಸ್.ಎಸ್.ಎಲ್.ಸಿ. ಪಾಸಾದವಳಿಗೆ ಅಷ್ಟು ವ್ಯತ್ಯಾಸ ತಿಳಿಯುತ್ತದೆ.

ನಿನ್ನ ಬೆನ್ನು ಹೇಗಿದೆ? ರಾಣೆಬೆನ್ನೂರಿನಿಂದ ಬಂದವರು ಹೇಳುತ್ತಾರೆ, ನಿನ್ನ ಕಾರ್ಖಾನೆಯಲ್ಲಿ ಮೂವತ್ತು ಜನ ಕೆಲಸಕ್ಕಿದ್ದರೂ ನೀನೇ ದಿನವಿಡೀ ಬೂಟಿನ ಮೇಲೆ ಬಗ್ಗಿ ಕೂರುತ್ತೀಯಂತೆ. ಕೇಳಿ ಸಿಟ್ಟೂ ಬಂತು, ಸಂತೋಷವೂ ಆಯಿತು. ನಿಮ್ಮಪ್ಪನೂ ಹಾಗೆಯೇ ಕೂತು ಕೂತು ಗೂನಾದವನು. ರಾತ್ರಿ ಔಡಲೆಣ್ಣೆ ಬೆಚ್ಚಗೆ ಮಾಡಿ ತಿಕ್ಕಲು ಪುಷ್ಪಾವತಿಗೆ ಹೇಳು. ನನ್ನ ಮೊಣಕಾಲು ನನ್ನ ಮಾತು ಕೇಳುತ್ತಿಲ್ಲ, ನಾನೂ ಅದರ ಮಾತು ಕೇಳುತ್ತಿಲ್ಲ. ನಮ್ಮ ಬೂಟಿನ ಕಾರ್ಖಾನೆಯ ಮೆಟ್ಟಿಲು ದಿನಕ್ಕೆ ಮೂರು ಸಲ ಹತ್ತಿ ಇಳಿಯುತ್ತೇನೆ.

ಇನ್ನು ಕೆಲಸದ ಮಾತು. ನಿನ್ನ ಅಣ್ಣ ದುರ್ಗೇಶನ ಮಗಳು ಅರುಣಾ ಎಂಟುನೂರು ಮೀಟರ್ ಓಟದಲ್ಲಿ ರಾಜ್ಯಮಟ್ಟಕ್ಕೆ ಹೋಗುತ್ತಿದ್ದಾಳೆ. ಡಿಸೆಂಬರ್ ಆರಕ್ಕೆ ಮೈಸೂರಿನಲ್ಲಿ ಓಟ. ಅವಳಿಗೆ ಅಡಿಯಲ್ಲಿ ಮೊಳೆ ಇರುವ ಓಟದ ಬೂಟು ಬೇಕು. ಅದನ್ನು ನೀನು ಮಾಡಿಕೊಡಬೇಕು. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ನೀನು ಹೋದಾಗ ಏಳು ವರ್ಷದವಳು, ನಿನ್ನ ಹೆಗಲೇರಿ ಮೆಣಸಿನಕಾಯಿ ಪೇಟೆ ನೋಡಲು ಹೋಗುತ್ತಿದ್ದಳು, ಮನೆಗೆ ಬಂದು ಇಬ್ಬರೂ ಸೀನುತ್ತಿದ್ದಿರಿ. ಈಗ ನನಗಿಂತ ಎತ್ತರ. ಮೊದಲಿನಿಂದ ಅವಳು ಓಡಿದ್ದು ನಮ್ಮ ಹೋರಿ ಬೂಟಿನಲ್ಲೇ. ಅದು ಕಬಡ್ಡಿಯವರಿಗಾಗಿ ಮಾಡಿದ ಬೂಟು, ನೆಲವನ್ನು ಕಚ್ಚಿ ಹಿಡಿಯುತ್ತದೆ, ತೂಕವೂ ಹೆಚ್ಚು. ಅವಳ ಕಿರುಬೆರಳಿನ ಮೇಲೆ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದಿತು. ಶಾಲೆಯ ಆಟದ ಮಾಸ್ತರರು ಯುವರಾಜ ಸರ್ ಮನೆಗೇ ಬಂದು ಹೇಳಿದರು. 'ದುರ್ಗೇಶಣ್ಣಾ, ನಿಮ್ಮ ಬೂಟ ಹಿಡಿಯಾಕ ಚಲೋ ಐತಿ, ಓಡಾಕಲ್ಲ. ಸಿಟ್ಟಾಗಬ್ಯಾಡ್ರಿ, ಹುಡುಗಿಗೆ ಚಿಗರಿ ಹಾಕಸ್ರಿ.' ಅದು ನಿನ್ನ ಬೂಟಿನ ಹೆಸರು. ಒಂಬತ್ತು ವರ್ಷದಲ್ಲಿ ನಮ್ಮ ಮನೆಯೊಳಗೆ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ನಿನ್ನ ಅಣ್ಣ ಚಹದ ಬಟ್ಟಲು ಕೆಳಗಿಟ್ಟ. 'ನನ್ನ ಮಗಳ ಕಾಲಾಗ ಚಿಗರಿ? ಅದಕ್ಕಿಂತ ಬರಿಗಾಲಿಲೆ ಓಡ್ಲಿ.'

ಹುಡುಗಿ ಆ ಮಾತನ್ನು ಹಿಡಿದುಕೊಂಡಳು. ಕಳೆದ ತಿಂಗಳು ಹಾವೇರಿಯ ಜಿಲ್ಲಾ ಕ್ರೀಡಾಕೂಟದಲ್ಲಿ, ಎಲ್ಲರೂ ಗೆರೆಯ ಮೇಲೆ ನಿಂತಾಗ, ಅವಳು ಎರಡೂ ಬೂಟು ಕಳಚಿ, ದೇವರ ಮನೆಯ ಮುಂದೆ ಬಿಟ್ಟಂತೆ ಜೋಡಿಸಿ ಪಕ್ಕಕ್ಕಿಟ್ಟಳು. ಕಿರಣಾ, ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ಆದರೆ ಆ ಹುಡುಗಿ ಎರಡನೇ ಸುತ್ತಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದದ್ದನ್ನು ನೋಡಿ ನನ್ನ ಮೊಣಕಾಲು ನೆನಪಿಗೇ ಬರದೆ ಎದ್ದು ನಿಂತಿದ್ದೆ. ಮೊದಲನೆಯವಳಾಗಿ ಬಂದಳು. ಅಂಗಾಲಿನಲ್ಲಿ ರಕ್ತ. 'ಯಾಕವಾ ಹಿಂಗ ಮಾಡಿದಿ?' ಅಂದೆ. 'ಅಪ್ಪನ ಅಂದಿದ್ನಲ್ಲಾ ಆಯಿ, ಬರಿಗಾಲಿಲೆ ಓಡ್ಲಿ ಅಂತ' ಎಂದು ನಕ್ಕಳು. ನಿನ್ನ ಅಣ್ಣ ಅವಳು ಬಿಟ್ಟ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಊರು ಮುಟ್ಟುವತನಕ ಬಸ್ಸಿನಲ್ಲೂ ಅವನ್ನು ಕೆಳಗಿಡಲಿಲ್ಲ.

ಮೈಸೂರಿನದು ಮಣ್ಣಿನ ನೆಲವಲ್ಲ, ರಬ್ಬರಿನದು. ಅಲ್ಲಿ ಬರಿಗಾಲು ಜಾರುತ್ತದಂತೆ, ಸುಡುತ್ತದಂತೆ. ಅಂಗಡಿಯಲ್ಲಿ ಕೊಳ್ಳಬಹುದಲ್ಲ ಎಂದು ನೀನು ಕೇಳಬಹುದು. ಆಗುವುದಿಲ್ಲ. ಅವಳ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ಉದ್ದ. ನಿಮ್ಮಪ್ಪ ಡಾಕಪ್ಪನ ಕಾಲು ಅದು, ಮೊಮ್ಮಗಳಿಗೆ ಬಂದಿದೆ. ಅಳತೆ ತೆಗೆದು ಒಂದೊಂದನ್ನೂ ಬೇರೆ ಬೇರೆಯಾಗಿ ಮಾಡಬೇಕು. ನಿನ್ನ ಅಣ್ಣ ಯಾರಿಗೂ ಹೇಳದೆ ಎರಡು ವಾರ ತಾನೇ ಪ್ರಯತ್ನಿಸಿದ. ಕಾರ್ಖಾನೆಯ ಕಸದ ಬುಟ್ಟಿಯಲ್ಲಿ ಮೊಳೆ ಹೊಡೆದು ಸೀಳಿದ, ಬೂಟಿನ ತಳದ ಮೂರು ಸೋಲು ನಾನೇ ಕಂಡೆ. ಹೊಲಿಗೆಯಲ್ಲಿ ಅವನ ಕೈ ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ, ಆದರೆ ಈ ವಿದ್ಯೆ ನಿನ್ನದು. ಕಂಡರೂ ಕಾಣದವಳಂತೆ ಬುಟ್ಟಿಯ ಮೇಲೆ ಕಾಗದ ಮುಚ್ಚಿ ಬಂದೆ.

ಹೊಲಿಗೆಯೋ ಅಂಟೋ ಎಂಬ ನಿಮ್ಮಿಬ್ಬರು ಅಣ್ಣತಮ್ಮಂದಿರ ಜಗಳ ಈಗ ನಿಮ್ಮ ಕೈಯಲ್ಲೂ ಉಳಿದಿಲ್ಲ. ಕರ್ಜಗಿ ಊರಿನವರು ಹೋರಿ ಹಾಕುತ್ತಾರೆಂದು ಐರಣಿಯವರು ಚಿಗರಿ ಹಾಕುತ್ತಾರೆ. ಮದುವೆ ಮನೆಗೆ ಹೋದರೆ ಜನ ಮೊದಲು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಹೋದ ವೈಶಾಖದಲ್ಲಿ ಒಂದು ಮದುವೆಯಲ್ಲಿ ಬೀಗರ ಕಡೆಯ ಹುಡುಗರೆಲ್ಲ ಚಿಗರಿ ಹಾಕಿ ಬಂದಿದ್ದರು. ಬಡಿಸುವವನೊಬ್ಬ 'ಈ ಪಂಕ್ತಿಗೆ ಹುಗ್ಗಿ ಕಡಿಮಿ ಹಾಕ್ರಲೇ, ಇವರು ಹಗುರ ಇರಬೇಕು, ಜಿಗೀಬೇಕಲ್ಲ' ಅಂದ. ಎಲ್ಲರೂ ನಕ್ಕರು. ನಾನೂ ನಗಬೇಕೆಂದಿದ್ದೆ, ನಿಮ್ಮಪ್ಪ ನೆನಪಾದ. ಕಾಗಿನೆಲೆಯ ಬಸ್ ನಿಲ್ದಾಣದ ಹೊರಗೆ ಬೇವಿನ ಮರದ ಕೆಳಗೆ ಕೂತು ಯಾತ್ರಿಕರ ಹರಿದ ಚಪ್ಪಲಿ ಹೊಲಿಯುತ್ತಿದ್ದವನು ನಿಮ್ಮಪ್ಪ. ಆ ಊರಿನ ಕಬಡ್ಡಿ ಹುಡುಗರಿಗೆ ಹನ್ನೆರಡು ಜೋಡು ಹೊಲಿದು, ಹಿಮ್ಮಡಿಯ ಮೇಲೆ ಕಾದ ಕಬ್ಬಿಣದಿಂದ ಹೋರಿಯ ಚಿತ್ರ ಒತ್ತಿದ. ಅದೇ ಹೋರಿ ಬೂಟಾಯಿತು. ಅವನು ಯಾರ ಕಾಲನ್ನೂ ಬೇರೆ ಮಾಡಿ ನೋಡಿದವನಲ್ಲ.

ಹಾವೇರಿಯಿಂದ ಬಂದ ಮರುವಾರ ನಾನೊಂದು ಕೆಲಸ ಮಾಡಿದೆ. ಮನೆಯಲ್ಲಿ ಹೇಳದೆ ಮತ್ತೆ ಹಾವೇರಿಗೆ ಹೋಗಿ ಮಲಂಗಸಾಬನ ಅಂಗಡಿಯಲ್ಲಿ ಒಂದು ಜೋಡಿ ಚಿಗರಿ ಕೊಂಡೆ. ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ, ಆದರೂ ಆ ಮುದುಕ ಗುರುತು ಹಿಡಿದ. 'ಯಪ್ಪಾ! ಡಾಕಪ್ಪನ ಹೆಂಡ್ತಿ ನನ್ನ ಅಂಗಡ್ಯಾಗ ಚಿಗರಿ ತಗೊಳಾಕ ಬಂದಾಳ! ನಾಳೆ ಮಳಿ ಖರೇನ ಬರತೈತಿ.' 'ಬಾಯಿ ಮುಚ್ಚಿ ಡಬ್ಬಿ ಕಟ್ಟು' ಅಂದೆ. ನಿನ್ನ ಕೆಲಸದಲ್ಲಿ ಹುಳುಕು ಹುಡುಕಿ ಅರುಣಾಳ ಮುಂದೆ ಹಿಡಿಯಬೇಕು, 'ನೋಡು, ಇದಕ್ಕ ನೀ ಆಸೆ ಪಟ್ಟಿ' ಅನ್ನಬೇಕು, ಅಲ್ಲಿಗೆ ಆ ಆಸೆ ಮುಗಿಯಬೇಕು ಎಂಬುದು ನನ್ನ ಲೆಕ್ಕ. ಅಡುಗೆ ಮನೆಯ ಬಾಗಿಲು ಹಾಕಿಕೊಂಡು, ನಿಮ್ಮಪ್ಪ ಚರ್ಮ ಕೊಯ್ಯುತ್ತಿದ್ದ ರಂಪಿಗೆಯಿಂದ ನಿನ್ನ ಬೂಟನ್ನು ಮೂಗಿನಿಂದ ಹಿಮ್ಮಡಿಯವರೆಗೆ ಸೀಳಿದೆ.

ಹುಳುಕು ಸಿಗಲಿಲ್ಲ. ನಲವತ್ತು ವರ್ಷ ಈ ಕೆಲಸ ನೋಡಿದ ಕಣ್ಣು ನನ್ನದು. ಮೇಲಿನ ಬಟ್ಟೆ ಅಷ್ಟು ತೆಳ್ಳಗಿದ್ದರೂ ಮಡಿಕೆ ಬಿದ್ದಲ್ಲಿ ಎರಡು ಪದರ ಕೊಟ್ಟಿದ್ದೀ. ಹಿಮ್ಮಡಿಯ ಒಳಗೆ ಹೊಲಿಗೆಯ ಗಂಟು ಚರ್ಮಕ್ಕೆ ತಾಗದಂತೆ ಹೊರಕ್ಕೆ ತಿರುಗಿಸಿದ್ದೀ. ರೊಟ್ಟಿ ಹಿಟ್ಟು ನಾದುವ ಮಣೆಯ ಮೇಲೆ ಅದನ್ನು ಇಟ್ಟುಕೊಂಡು ನೋಡುತ್ತ ಕೂತೆ. ಒಲೆಯ ಮೇಲಿನ ಹಾಲು ಉಕ್ಕಿತು. ಆಮೇಲೆ ಪಾದ ಊರುವ ಒಳ ಅಟ್ಟೆ ಕಿತ್ತೆ. ಅದರ ಕೆಳಗೆ, ಹಾಕಿಕೊಂಡವನಿಗೂ ಮಾರಿದವನಿಗೂ ಎಂದೂ ಕಾಣದ ಜಾಗದಲ್ಲಿ, ಸೋಲಿನ ಸುತ್ತ ಮೇಣ ಹಚ್ಚಿದ ದಾರದ ಹೊಲಿಗೆ. ಡಬ್ಬಿಯ ಮೇಲೆ 'ಹೊಲಿಗೆ ಇಲ್ಲದ ಹಗುರ ಬೂಟು' ಎಂದು ಬರೆಸಿದವನು ನೀನು. ಅಂಟೇ ಸಾಕು ಎಂದು ನಿನ್ನ ಅಣ್ಣನೊಡನೆ ಬಡಿದಾಡಿದವನು ನೀನು. ಆ ಹೊಲಿಗೆ ಯಾಕೆ ಹಾಕಿದ್ದೀ ಎಂದು ನನಗೆ ಒಬ್ಬಳಿಗೆ ಮಾತ್ರ ತಿಳಿಯಿತು. ಕರ್ಜಗಿಯ ಆಟದ ದಿನದಿಂದ ನಿನ್ನ ಅಂಟಿನ ಮೇಲೆ ನಿನಗೇ ನಂಬಿಕೆ ಹೋಗಿದೆ.

ಈಗ ಬರೆಯುವುದನ್ನು ನಾನು ಒಂಬತ್ತು ವರ್ಷದ ಹಿಂದೆಯೇ ಹೇಳಬೇಕಿತ್ತು. ಕರ್ಜಗಿ ತಂಡಕ್ಕೆ ನೀನು ಮೊದಲ ಬಾರಿಗೆ ಅಂಟಿನ ಸೋಲಿನ ಹನ್ನೆರಡು ಜೋಡಿ ಮಾಡಿದ್ದೆ. ಕಾಲಿನ ಆಕಾರದ ಕಟ್ಟಿಗೆಯ ಅಚ್ಚಿನ ಮೇಲೆ ಅವು ಒಣಗುತ್ತಿದ್ದವು. 'ಅವ್ವಾ, ಎರಡ ದಿನ ಅಚ್ಚಿನ ಮ್ಯಾಲೆ ಇರಬೇಕು, ಯಾರೂ ಮುಟ್ಟಬ್ಯಾಡ್ರಿ' ಎಂದು ಹೇಳಿ ನೀನು ಹುಬ್ಬಳ್ಳಿಗೆ ಹೋದೆ. ಮರುದಿನ ಬೆಳಿಗ್ಗೆ ದುರ್ಗೇಶನ ಕೆಲಸಕ್ಕೆ ಅಚ್ಚು ಬೇಕಾಯಿತು. ಮುಟ್ಟಿ ನೋಡಿದೆ, ಒಣಗಿದಂತೆ ಕಂಡಿತು. ನಾನೇ ಬೂಟು ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿದೆ. ನೀನು ಬಂದವನು ಕಟ್ಟಿದ ಡಬ್ಬಿಗಳನ್ನು ನಂಬಿ ಹಾಗೇ ಒಯ್ದೆ. ಆಟದ ನಡುವೆ ಆ ತಂಡದ ಒಬ್ಬ ಹುಡುಗನ ಬೂಟಿನ ಸೋಲು ಕಿತ್ತು ನಾಲಿಗೆಯ ಹಾಗೆ ಜೋತಾಡಿದಾಗ ಸಾವಿರ ಜನ ನಕ್ಕರು. 'ಅಪ್ಪ ಸತ್ತು ವರ್ಷ ತುಂಬಿಲ್ಲ, ಅವನ ಹೆಸರ ಕಿತ್ತ ಮಂದಿ ಕೈಯಾಗ ಕೊಟ್ಟಿ' ಎಂದು ದುರ್ಗೇಶ ಎಲ್ಲರೆದುರು ಅಂದ. ನಾನು ಪಂಚರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಮನೆಯಲ್ಲಿ ನೀನು ಚೀಲ ಹಿಡಿದು ನಿಂತು 'ಅವ್ವಾ, ನೀನರ ಹೇಳು' ಅಂದೆ. ನಿನಗೆ ಗೊತ್ತಿಲ್ಲದೆಯೇ ಸರಿಯಾದ ಮಾತು ಕೇಳಿದ್ದೆ. ಎಲ್ಲರ ತಪ್ಪು ತಿದ್ದುವವಳು ನಾನು, ನನ್ನ ತಪ್ಪು ಹೇಳಲು ಬಾಯಿ ಬರಲಿಲ್ಲ. 'ಹೋಗಾಂವ ಹೋಗ್ಲಿ' ಅಂದೆ. ನಿನ್ನ ಅಂಟು ಸರಿಯಾಗಿತ್ತು ಕಿರಣಾ. ಅವಸರ ಮಾಡಿದವಳು ನಾನು. ಆ ಒಳಗಿನ ಹೊಲಿಗೆ ಇನ್ನು ನೀನು ಬಿಟ್ಟರೂ ನಡೆಯುತ್ತದೆ. ಬಿಡದಿದ್ದರೆ ನನಗೆ ಹೆಮ್ಮೆಯೇ.

ದುರ್ಗೇಶನಿಗೂ ಮೊನ್ನೆ ಹೇಳಿದೆ, ಸೀಳಿದ ಬೂಟನ್ನು ಅವನ ಮುಂದಿಟ್ಟು. ಅವನು ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ, ಒಂದು ಸುತ್ತು, ಎರಡು ಸುತ್ತು. ಉಣ್ಣದೆ ಎದ್ದು ಹೋದ. ಅಂದಿನಿಂದ ನನ್ನೊಡನೆ ಮಾತಿಲ್ಲ. ಮಾತು ಬಿಡುವುದನ್ನು ನನ್ನಿಂದಲೇ ಕಲಿತಿದ್ದಾನೆ, ಏನು ಹೇಳಲಿ.

ಅರುಣಾಳ ಎರಡೂ ಪಾದದ ಅಳತೆಯನ್ನು ನಾನೇ ಕಾಗದದ ಮೇಲೆ ಗೀರಿ ಇದರೊಳಗೆ ಇಡುತ್ತಿದ್ದೇನೆ. ಗೆರೆ ನೆಟ್ಟಗಿಲ್ಲ, ನೀನು ಸುಧಾರಿಸಿಕೋ. ಬೂಟನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಬೇಡ. ಹೊಸ ಜೋಡು ಮಾಡಿದವನೇ ಮೊದಲ ಸಲ ತೊಡಿಸಬೇಕು, ಕಾಲು ಹಿಡಿಯಲು ನಾಚುವವನು ಈ ಕೆಲಸಕ್ಕೆ ಬರಬಾರದು ಎಂಬುದು ನಿಮ್ಮಪ್ಪನ ಕಟ್ಟಳೆ. ಅದನ್ನು ನೀನು ಮುರಿದಿಲ್ಲ ಎಂದು ಕೇಳಿದ್ದೇನೆ. ರಾಣೆಬೆನ್ನೂರಿನಲ್ಲಿ ದೊಡ್ಡ ಯಜಮಾನನಾದ ಮೇಲೂ ಹುಡುಗರ ಮುಂದೆ ಮಂಡಿಯೂರಿ ಲೇಸು ಕಟ್ಟುತ್ತೀಯಂತೆ. ಅದನ್ನು ಹೇಳಿದವರಿಗೆ ನಾನು ಎರಡನೇ ಸಲ ಚಹ ಕೊಟ್ಟೆ.

ಪುಷ್ಪಾವತಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಕೈಕೆಳಗಿನ ಮೂವತ್ತು ಜನರ ಮನೆಯೂ ತಣ್ಣಗಿರಲಿ. ನಿನ್ನ ಕೈ ಎಂದೂ ಸೋಲದಿರಲಿ.

ನಿನ್ನ ಅವ್ವ,
ಚೌಡವ್ವ ಡಾಕಪ್ಪ

ಮರೆತ ಮಾತು: ಪಾಕೀಟು ಅಂಟಿಸುವಷ್ಟರಲ್ಲಿ ದುರ್ಗೇಶ ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಗೀರಿದ ಅಳತೆ ನೋಡಿ 'ಇದೇನ ಕಾಲೋ, ಬದನಿಕಾಯೋ?' ಎಂದು ಹರಿದೇ ಹಾಕಿದ. ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು. ಅರುಣಾಳನ್ನು ಕರೆದು, ಹೊಸ ಕಾಗದ ಹಾಸಿ, ನೆಲಕ್ಕೆ ಕೂತು ತಾನೇ ಗೀರಿಕೊಟ್ಟ. ಒಳಗಿರುವುದು ಅದೇ, ಹೆಬ್ಬೆರಳಿನ ತಿರುವು ನೋಡಿದರೆ ಯಾರ ಕೈ ಎಂದು ನಿನಗೆ ಹೇಳಬೇಕಾಗಿಲ್ಲ. ಮೂಲೆಯಲ್ಲಿ ನಿನಗೆಂದು ಎರಡು ಸಾಲನ್ನೂ ಬರೆದಿದ್ದಾನೆ: 'ಎಡಗಾಲ ಕಿರುಬೆರಳ ಹತ್ರ ಸ್ವಲ್ಪ ಸಡಲ ಬಿಡು. ಎರಡ ದಿನ ಅಚ್ಚಿನ ಮ್ಯಾಲೆ ಇರಲಿ, ಯಾರೂ ಮುಟ್ಟಬಾರದು.' ಕೊನೆಯ ಮಾತು ನನಗೆ ಚುಚ್ಚಲು ಬರೆದದ್ದು. ಸಿಟ್ಟು ಬಂತು, ಆದರೂ ಕಾಗದ ಹರಿಯಲಿಲ್ಲ. ತಿಂಗಳು ಮುಗಿಯುವ ಮುಂಚೆ ಬೂಟು ತೆಗೆದುಕೊಂಡು ಬಾ. ಹೊಸ್ತಿಲ ಹೊರಗೆ ನಿಂತು ಅವ್ವಾ ಎಂದು ಕರೆದರೆ ನಾನು ಓ ಅನ್ನುವುದಿಲ್ಲ. ಒಳಗೆ ಬಂದು ಕರೆ.